ಸೋಮವಾರದ ಹಾಲು

ಇಂದು ಮುಂಜಾನೆ ಮಜ್ಜಿಗೆ ಕುಡಿಯುತ್ತ ಪೇಪರು ತಿರುವುತ್ತಿದ್ದೆ. ದೊಡ್ಡ ದೇಶವೊಂದು ಸಿರಿವಂತವಾದರೆ ಪಕ್ಕದ ಸಣ್ಣ ದೇಶಗಳಿಗೆ ಲಾಭವೋ ಹಾನಿಯೋ ಎಂದು ಯಾರೋ ಪಂಡಿತರು ಅರ್ಧ ಪುಟ ಗುದ್ದಾಡಿದ್ದರು. ದೇಶಗಳ ಸಂಗತಿ ನನಗೆಲ್ಲಿ ತಿಳಿಯಬೇಕು? ಆದರೆ ಸೊಲ್ಲಾಪುರ ಗೊತ್ತಿದೆ, ನೋಡಿ.

ಅರವತ್ತರ ದಶಕ. ನಾವಿದ್ದದ್ದು ಇಂಡಿ ಸ್ಟೇಷನ್ನಿಗೆ ಹತ್ತಿರದ ಹಳ್ಳಿಯಲ್ಲಿ. ಸೊಲ್ಲಾಪುರದ ಗಿರಣಿಗಳು ಜೋರಾಗಿ ನಡೆದಿದ್ದವು. ನನ್ನ ತಂದೆ, ನಮ್ಮ ಅಬ್ಬಾ, ಅಲ್ಲೇ ಕೆಲಸಕ್ಕಿದ್ದರು. ನನ್ನ ಲಂಗ, ಶಾಲೆಯ ಪಾಟಿ ಎಲ್ಲ ಆ ಊರಿನ ಋಣ. ಬೈಯಲು ಬಾಯಿ ಬಾರದು. ಆದರೆ ಅಲ್ಲಿಯ ಚಹಾದಂಗಡಿಗಳಿಗೆ ಹಾಲು ಸಾಲದಾಯಿತು. ಗವಳಿಯೊಬ್ಬ ಕ್ಯಾನು ಹಿಡಿದು ನಮ್ಮ ಓಣಿಗೆ ಬಂದ. ಓಣಿಯ ಹಾಲೆಲ್ಲ ಮುಂಜಾನೆಯ ರೈಲು ಹತ್ತತೊಡಗಿತು.

ಹಾಲೇ ಹೋದರೆ ಮಜ್ಜಿಗೆ ಎಲ್ಲಿಯದು? ನಮ್ಮಲ್ಲಿ ಮಜ್ಜಿಗೆ ಮಾರುತ್ತಿರಲಿಲ್ಲ. ಎಮ್ಮೆ ಇದ್ದವರು ಇಲ್ಲದವರಿಗೆ ಸುಮ್ಮನೆ ಹಾಕುತ್ತಿದ್ದರು. ನಮಗೆ ಎಮ್ಮೆ ಇರಲಿಲ್ಲ. ಒಣ ರೊಟ್ಟಿ, ಖಾರಪುಡಿ. ನಾನಂತೂ ಊಟಕ್ಕೆ ಕೂತಾಗಲೆಲ್ಲ ರಾಗ ತೆಗೆಯುತ್ತಿದ್ದೆ.

ಸೋಮವಾರ ಬಸವಣ್ಣನ ದಿನ, ಅಂದು ಹಾಲು ಮಾರಬಾರದೆಂಬ ರೂಢಿಯಿತ್ತು. ಒಬ್ಬೊಬ್ಬರಾಗಿ ಅದನ್ನೂ ಬಿಟ್ಟರು. ಬಿಡದವರು ಪಕ್ಕದ ಮನೆಯ ಗೌರಾ ಕಾಕು ಮಾತ್ರ. ಆ ಒಂದು ದಿನದ ಹಾಲು ಹೆಪ್ಪಾಗಿ, ಮಂಗಳವಾರ ನಮಗೊಂದು ಚರಗಿ ಮಜ್ಜಿಗೆ ಬರುತ್ತಿತ್ತು.

ಒಂದು ಸೋಮವಾರ ಗವಳಿ ಕಾಕುವಿನ ಬಾಗಿಲಲ್ಲಿ ಕೂತೇಬಿಟ್ಟ.

"ಅಕ್ಕಾರ, ಸೊಲ್ಲಾಪುರದಾಗ ಸೋಮವಾರ ಚಾ ಬಂದ್ ಇರಂಗಿಲ್ರಿ. ದಿನಾ ಕೊಡೂದಾದ್ರ ಕೊಡ್ರಿ, ಇಲ್ಲಂದ್ರ ನಾಳಿಂದ ನಿಮ್ಮ ಹಾಲ ಬ್ಯಾಡ."

"ಬ್ಯಾಡಾದ್ರ ಬಿಡಪಾ," ಎಂದರು ಕಾಕು.

ಅವನು ನಿಜಕ್ಕೂ ಬಿಟ್ಟ! ಹಾಲಿನ ದುಡ್ಡಿನಲ್ಲಿ ಇನ್ನೊಂದು ಎಮ್ಮೆ ಕೊಳ್ಳುವ ಆಸೆ ಕಾಕುವಿಗಿದ್ದದ್ದು ಓಣಿಗೇ ಗೊತ್ತಿತ್ತು. ಅಮ್ಮ ನಾಚಿಕೆಯಿಂದ ಕುಗ್ಗಿದಳು. "ನಮ್ಮ ಸಲುವಾಗಿ ಆಕೀಗಿ ಲುಕ್ಸಾನ ಆತು. ಇನ್ನ ಚರಗಿ ತಗೊಂಡ ಹೋಗಬ್ಯಾಡ," ಎಂದು ನನ್ನನ್ನು ತಡೆದಳು.

ಮಂಗಳವಾರ ಕಾಕುವೇ ತುಂಬಿದ ಚರಗಿ ಹಿಡಿದು ಬಂದರು. "ಏನ ಹುಸೇನಬಿ, ಮಗಳನ್ಯಾಕ ಕಳಸಲಿಲ್ಲ?"

ಅಮ್ಮನಿಗೆ ಅಳು ತಡೆಯಲಾಗಲಿಲ್ಲ. "ನಮ್ಮಿಂದ ನಿಮ್ಮ ಎಮ್ಮಿ ಹೋತಲ್ರಿ ಅಕ್ಕಾ."

"ಎಮ್ಮಿ ಇವತ್ತಿಲ್ಲ ನಾಳೆ ಬರತೈತಿ. ನಿನ್ನ ಮಗಳು ಒಣಾ ರೊಟ್ಟಿಗಿ ಅಳೂದು ಗ್ವಾಡಿ ಆಚಿಂದ ಕೇಳತೈತಿ ನನಗ. ಅದನ್ನ ಕೇಳಕೋತ ನಾ ಹ್ಯಾಂಗ ಉಣ್ಣಲಿ?"

ಆ ಎಮ್ಮೆ ಕೊನೆಗೂ ಬರಲಿಲ್ಲ. ಸೊಲ್ಲಾಪುರದ ಪಗಾರದಲ್ಲಿ ಓದಿ ನಾನು ಟೀಚರಾದೆ. ಆ ಊರಿಗೆ ಕೈಮುಗಿಯುತ್ತೇನೆ. ಆದರೆ ಕಾಕುವನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಪಂಡಿತರ ಅರ್ಧ ಪುಟ ಹಾಗೇ ಉಳಿಯಿತು. ನಮ್ಮ ಪಕ್ಕಕ್ಕೆ ಬಾಡಿಗೆಯವರು ಬಂದು ತಿಂಗಳಾಯಿತು. ಅವರ ಮನೆಯಲ್ಲಿ ಇಂದು ಒಲೆ ಹೊತ್ತಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಕೂತಿರಿ, ಕೇಳಿ ಬರುತ್ತೇನೆ.