ಕಿಟಕಿ ಪಕ್ಕದ ಸೀಟು

ಕಿಟಕಿ ಪಕ್ಕ ಸೀಟು ಸಿಗದಿದ್ದರೆ ನರಸಮ್ಮ ಬಸ್ಸನ್ನೇ ಬಿಟ್ಟುಬಿಡುತ್ತಿದ್ದಳು. ಕಲ್ಯಾಣದುರ್ಗದ ಮಗಳ ಮನೆಗೆ ಹೊರಟವಳು ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದ್ದನ್ನು ನಾನೇ ನೋಡಿದ್ದೇನೆ. ಕೇಳಿದರೆ, "ಟಿಕೀಟು ತಗೊಳ್ಳೋದು ಕುಂತ್ಕೊಳ್ಳಾಕಲ್ಲ ಕಣಮ್ಮ, ನೋಡಾಕೆ" ಅನ್ನುವಳು.

ನಮ್ಮ ಬೀದಿಯ ಹುಣಸೆ ಮಂಡಿಯಲ್ಲಿ ಹಣ್ಣು ಕುಟ್ಟಿ ಬೀಜ ತೆಗೆಯುವುದು ಅವಳ ಕೆಲಸ. ಉಗುರಿನ ಸುತ್ತ ಹುಣಸೆಯ ಕರೆ ಯಾವತ್ತೂ ಹೋಗುತ್ತಿರಲಿಲ್ಲ. ಶನಿವಾರ ಕೂಲಿ ಕೈಗೆ ಬಂದರೆ ಮೊದಲು ಒಂದು ಮೊಳ ಕನಕಾಂಬರ, ಆಮೇಲೆ ಅಕ್ಕಿ. ಮುಡಿದುಕೊಂಡು ನಮ್ಮ ಜಗಲಿಯಲ್ಲಿ ಕೂತು, "ಅಕ್ಕಿ ನಾಳೀಕೂ ಸಿಗ್ತದೆ, ಹೂವ ಬಾಡೋಯ್ತದೆ" ಎಂದು ನಗುವಳು.

ನಾನೋ ಕಾನ್ವೆಂಟಿನ ಸಿಸ್ಟರುಗಳ ಶಿಸ್ತಿನಲ್ಲಿ ಬೆಳೆದವಳು. ಉಡುಗೊರೆಯ ಕಾಗದವನ್ನೂ ಹರಿಯದಂತೆ ಬಿಡಿಸಿ ಬೀರುವಿನಲ್ಲಿಡುವವಳು. ಮದುವೆಗೆ ಬಂದ ಪಿಂಗಾಣಿ ಕಪ್ಪುಗಳಲ್ಲಿ ಒಂದು ದಿನವೂ ಕಾಫಿ ಕುಡಿದವಳಲ್ಲ. ಅವಳಿಗೆ ಉಳಿತಾಯ ಕಲಿಸಬೇಕೆಂದು ನನಗೇಕೆ ಅನ್ನಿಸಿತೋ. ಸಮುದ್ರ ನೋಡಬೇಕು ಅಂತೀಯಲ್ಲ, ಅದಕ್ಕಾದರೂ ಕೂಡಿಡು ಎಂದೆ. ಆ ಮಾತು ಹಿಡಿಸಿತು. ವಾರವಾರ ತಂದು ನನ್ನ ಕೈಗೇ ಕೊಟ್ಟಳು. ವರ್ಷ ತುಂಬಿದ ಮೇಲೆ, ಅವಳ ಒಳ್ಳೆಯದಕ್ಕೇ ಅಂದುಕೊಂಡು, ಪೋಸ್ಟಾಫೀಸಿನಲ್ಲಿ ಐದು ವರ್ಷಕ್ಕೆ ಇಡಿಸಿದೆ. ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದಳು. ಪಾಸ್‌ಬುಕ್ಕು ನನ್ನ ಬೀರು ಸೇರಿತು.

ಮರುವರ್ಷ ಸೋಮಂದೇಪಲ್ಲಿಯಿಂದ ರಾಮೇಶ್ವರಕ್ಕೆ ಯಾತ್ರೆಯ ಬಸ್ಸು ಹೊರಟಿತು. ಕಿಟಕಿ ಪಕ್ಕದ ಸೀಟು ಹೇಳಿಟ್ಟೇ ಹಣ ಕೇಳಲು ಬಂದಿದ್ದಳು. ಈಗ ತೆಗೆದರೆ ಬಡ್ಡಿ ಹೋಗುತ್ತದೆ, ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ತಿಳಿಹೇಳಿದೆ.

"ಸಮುದ್ರ ಹೋಗಾಕಿಲ್ಲ ಕಣಮ್ಮ. ನನ್ ಕಣ್ಣೇ ಯಾಕೋ ಮಂಜಾಯ್ತಾ ಐತೆ."

ಹುಣಸೆಯ ದೂಳಿರಬೇಕು, ತಣ್ಣೀರಲ್ಲಿ ತೊಳೆದುಕೋ ಎಂದೆ. ಅವಳು ಜಗಳವಾಡಲಿಲ್ಲ. "ಪರವಾಲೇದು, ಇರ್ಲಿ ಬಿಡಮ್ಮ" ಎಂದು ಸೆರಗು ಕೊಡವಿಕೊಂಡು ಎದ್ದಳು. ಆ ಶನಿವಾರ ಅವಳ ತುರುಬಿನಲ್ಲಿ ಹೂವಿರಲಿಲ್ಲ. ಕೊನೆಗೂ ಕಲಿತಳಲ್ಲ ಎಂದು ಸಂತೋಷಪಟ್ಟೆ. ಆ ಸಂತೋಷ ನೆನೆದರೆ ಇವತ್ತಿಗೂ ಮುಖ ಎತ್ತಲಾಗುವುದಿಲ್ಲ.

ದೂಳಲ್ಲ, ಸಕ್ಕರೆ ಕಾಯಿಲೆ. ಎರಡೂ ಕಣ್ಣು ಹೋದವು ಎಂದು ಮಗಳು ಕಲ್ಯಾಣದುರ್ಗದ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಳು. ತಾಯಿಯನ್ನು ಅಷ್ಟರಲ್ಲಿ ತನ್ನ ಮನೆಗೇ ಕರೆದುಕೊಂಡು ಹೋಗಿದ್ದಳು. ಅವಧಿ ಮುಗಿದ ಮೇಲೆ ಹಣ ಬಿಡಿಸಿ, ಬಡ್ಡಿಯ ಸಮೇತ ನಾನೇ ಒಯ್ದೆ. ಅದೇ ನಮ್ಮ ಕಡೆಯ ಭೇಟಿ.

ಬಾಗಿಲ ಬಳಿ ಮಂಚದ ಮೇಲಿದ್ದಳು. ಉಗುರು ಬೆಳ್ಳಗಾಗಿದ್ದವು. ನನ್ನ ಬಳೆ ಸದ್ದಿಗೇ ಗುರುತು ಹಿಡಿದಳು. ಕೈಗಿಟ್ಟ ಹಣವನ್ನು ಎಣಿಸದೆ ದಿಂಬಿನ ಪಕ್ಕ ಸರಿಸಿ, ನನ್ನ ಕಡೆ ಮುಖ ತಿರುಗಿಸಿದಳು.

"ಕಿಟಕಿ ಪಕ್ಕ ಸಿಕ್ತೇನಮ್ಮ? ದಾರೀಲಿ ಏನೇನ್ ನೋಡ್ದೆ, ಹೇಳು."

ಸಿಕ್ಕಿತ್ತು. ದಾರಿಯುದ್ದಕ್ಕೂ ಮಡಿಲಿನ ಚೀಲವನ್ನೇ ನೋಡುತ್ತಾ ಬಂದಿದ್ದೆ. ಬಿಸಿಲು, ಕಡಲೆಕಾಯಿ ಹೊಲ ಎಂದು ಏನೋ ತಡವರಿಸಿದೆ.

"ಪೆನುಕೊಂಡೆ ಬೆಟ್ಟ ಹೆಂಗಿತ್ತು?"

"ಇತ್ತು" ಎಂದೆ.