ಮುಂದ ಮಾಡುವ ಬಾಗಿಲು

ನಮ್ಮ ಮನೆಯಲ್ಲಿ ಬಾಗಿಲು ಮುಚ್ಚು ಎಂದು ಯಾರೂ ಹೇಳುವುದಿಲ್ಲ. ಅದು ಅಪಶಕುನ. ‘ಮುಂದ ಮಾಡು’ ಎನ್ನುತ್ತೇವೆ. ಆ ಮುಂಜಾನೆ ಒಳಕೋಣೆಯಿಂದ ನನ್ನ ಗಂಡ ಹೇಳಿದ್ದೂ ಅದನ್ನೇ. ಬಂಗಾರದ ಪೆಟ್ಟಿಗೆ ತೆಗೆಯುವಾಗ ಹಾಗೆ ಹೇಳುವುದು ಅವರ ರೂಢಿ. ನಾನು ಹಿಟ್ಟಿನ ಕೈಯಲ್ಲೇ ಜೋರಾಗಿ ಎಳೆದೆ. ಒಳಗಡೆ ಹಳೆಯ ಅಗಳಿ ತಾನಾಗಿ ಬಿತ್ತು. ಸದ್ದು ಕೇಳಿಸಿತು. ಆದರೂ ರೊಟ್ಟಿ ಬಡಿಯಲು ಹೋದೆ. ಮರಳಿ ಬಂದು ಕರೆದಾಗ ಉತ್ತರವಿಲ್ಲ. ಮೈದುನ ಹಾರೆಯಿಂದ ಬಾಗಿಲು ಒಡೆಯಲು ಅರ್ಧ ತಾಸು ಹಿಡಿಯಿತು. ಎದೆನೋವಿನಲ್ಲಿ ಅವರು ಬಾಗಿಲ ತನಕ ತೆವಳಿ ಬಂದು ಅಲ್ಲೇ ಜೀವ ಬಿಟ್ಟಿದ್ದರು.

ಒಡೆದ ಜಾಗಕ್ಕೆ ತಿಜೋರಿ ಬಾಗಿಲೇ ಬೇಕೆಂದು ಮೈದುನ ಹಟ ಹಿಡಿದ. ಅತ್ತೆ ದಿನಕ್ಕೊಮ್ಮೆ ಆ ಕೋಣೆಗೆ ಹೋಗಿ ಮಗನ ಅಂಗಿಗಳ ಮುಂದೆ ಕೂತು ಬರುತ್ತಾರೆ. ನನಗೆ ಕಳ್ಳರ ಚಿಂತೆ ಇರಲಿಲ್ಲ, ಅತ್ತೆಯದಿತ್ತು.

ಚಿಕ್ಕೇರೂರಿನಿಂದ ಬಸ್ಸು ಹಿಡಿದು ನಾನೂ ಮೈದುನನೂ ಹಾನಗಲ್ಲಿನ ತಿಜೋರಿ ಅಂಗಡಿಗೆ ಹೋದೆವು.

“ಒಳಗಿಂದ ತಗಿಯಾಕ ಬರತೈತೇನ್ರಿ?” ಎಂದೆ.

ಅಂಗಡಿಯವರು ನಕ್ಕರು. “ಒಳಗ ಇರೂದು ಬಂಗಾರ್ರಿ ಅಕ್ಕಾರ. ಅದೇನ್ ಎದ್ದು ಹೊರಗ ಬರತೈತೇನು?”

ಮೈದುನ ಎಲ್ಲಕ್ಕಿಂತ ದಪ್ಪನೆಯದನ್ನು ತಟ್ಟಿದ. “ಇದ ಇರ್ಲಿ ವೈನಿ. ಕಳ್ಳ ನಾಕ್ ದಿನ ಬಡದ್ರೂ ಒಡಿಯೂದಿಲ್ಲ.”

“ನಾವು ಬಡದ್ರೂ ಒಡಿಯೂದಿಲ್ಲ.”

ಅವನ ಕೈ ಅಲ್ಲೇ ನಿಂತಿತು.

ಅಂಗಡಿಯವರು ಗೋದಾಮಿನ ಸಣ್ಣ ಕೋಣೆಗೆ ಕೂಡಿಸಿದ್ದ ಇನ್ನೊಂದು ಬಾಗಿಲು ತೋರಿಸಿದರು. ಸ್ವಲ್ಪ ತೆಳು. ಒಳಗೊಂದು ಹಿಡಿಕೆ, ಹೊರಗೆ ಕೀಲಿ ಹಾಕಿದ್ದರೂ ಅದನ್ನು ತಿರುವಿದರೆ ತೆರೆಯುತ್ತದಂತೆ. ನಾನು ಒಳಗೆ ಹೋದೆ.

“ಮುಂದ ಮಾಡ್ರಿ.”

ಅವರು ಬರೀ ಮುಂದೆ ಮಾಡಿದರು. ಅಂಚಿನಲ್ಲಿ ಬೆಳಕಿನ ಗೆರೆ ಉಳಿಯಿತು. ದೂಡಿದರೆ ತೆರೆಯಿತು.

“ಹಿಂಗಲ್ರಿ. ಕೀಲಿ ಹಾಕ್ರಿ. ಮುಚ್ರಿ.”

“ವೈನೀ, ಅಂಥಾ ಮಾತು ಬ್ಯಾಡ್ರಿ,” ಎಂದ ಮೈದುನ.

“ಮುಚ್ರಿ,” ಎಂದೆ ಮತ್ತೆ.

ಬಾಗಿಲ ಸುತ್ತಲಿನ ಸರಳುಗಳು ಒಟ್ಟಿಗೆ ಸರಿದವು. ಕತ್ತಲು. ಹೊರಗಿನ ಮಾತೊಂದೂ ಕೇಳಿಸಲಿಲ್ಲ. ಹಿಡಿಕೆ ಕೈಗೆ ಸಿಕ್ಕಿತು, ಆದರೆ ತಿರುವಲಿಲ್ಲ. ಆ ದಿನ ನನ್ನ ಗಂಡ ನಿಂತಿರಲಿಲ್ಲವಲ್ಲ ಎಂದು ನೆನಪಾಯಿತು. ನೆಲಕ್ಕೆ ಕೂತೆ. ಕೈ ಚಾಚಿದೆ. ತಣ್ಣನೆಯ ಉಕ್ಕು, ಮೇಲೆ ಇನ್ನೂ ಉಕ್ಕು. ಹಿಡಿಕೆ ಎಟುಕಲಿಲ್ಲ. ಹೇಗೋ ಎದ್ದು ತಿರುವಿದೆ. ಬೆಳಕಿನಲ್ಲಿ ಮೈದುನನ ಮುಖ ಬಿಳಿಚಿತ್ತು.

“ಹಿಡಿಕಿ ಕೆಳಗ ಬೇಕ್ರಿ ಅಣ್ಣಾರ. ಬಿದ್ದವರ ಕೈಗೆ ಸಿಗಬೇಕು.”

ಅಂಗಡಿಯವರು ಈಗ ನಗಲಿಲ್ಲ. “ಮಾಡಿ ಕೊಡ್ತೇನ್ರಿ. ಎಷ್ಟ ಕೆಳಗ?” ಎಂದು ಸೀಮೆಸುಣ್ಣ ತಂದರು. ನಾನು ಮತ್ತೆ ನೆಲಕ್ಕೆ ಕೂತು ಕೈ ಎತ್ತಿದೆ. ಬೆರಳು ಮುಟ್ಟಿದಲ್ಲಿ ಅವರು ಗೆರೆ ಎಳೆದರು.

ಮೈದುನ ಪಕ್ಕದಲ್ಲಿ ಕೂತ. ಆ ದಿನ ಬಾಗಿಲು ಒಡೆದು ಮೊದಲು ಒಳಗೆ ಹೋದವನು ಅವನೇ. ಗೆರೆಯನ್ನು ಅಂಗೈಯಿಂದ ಒರೆಸಿ, ಸೀಮೆಸುಣ್ಣ ಇಸಿದುಕೊಂಡು, ನೆಲದಿಂದ ಒಂದು ಗೇಣು ಮೇಲೆ ಹೊಸ ಗೆರೆ ಎಳೆದ.

“ಇಲ್ಲಿ, ವೈನಿ,” ಎಂದ. “ಅಣ್ಣನ ಕೈ ಇಲ್ಲಿತ್ತು.”