ಅತ್ತೆ ಕೇಳಿದ ಹಿಂದಿನ ದಾರಿ

ವಾಸ್ತುಶಿಲ್ಪದ ಕಾಲೇಜಿನಲ್ಲಿ ಪ್ರತಿ ವರ್ಷ ನಾನು ಚೀನಾದ ಹಳೆಯ ಅಂಗಳದ ಮನೆಗಳ ಬಗ್ಗೆ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ನಕ್ಷೆ ಬರೆಯುತ್ತಾ ಹೋಗುವುದು ನನಗೆ ಇಷ್ಟ. ಹೆಬ್ಬಾಗಿಲು ಮೂಲೆಯಲ್ಲಿ, ಒಳಗೆ ಕಾಲಿಟ್ಟರೆ ಎದುರಿಗೇ ಅಡ್ಡಗೋಡೆ, ಬೀದಿಯವರ ಕಣ್ಣು ಒಳಗೆ ಬೀಳದ ಹಾಗೆ. ಹೊರಗಿನವರು ಮುಂದಿನ ಅಂಗಳದಲ್ಲೇ ನಿಲ್ಲಬೇಕು, ಎರಡನೆಯ ಬಾಗಿಲಿನಾಚೆ ಮನೆಯವರು ಮಾತ್ರ. ಬಿಸಿಲು ಚೆನ್ನಾಗಿ ಬೀಳುವ ಉತ್ತರದ ಕೋಣೆ ಹಿರಿಯರದು, ಪೂರ್ವದ್ದು ದೊಡ್ಡ ಮಗನದು, ಪಶ್ಚಿಮದ್ದು ಚಿಕ್ಕವನದು, ಮದುವೆಯಾಗದ ಹೆಣ್ಣುಮಕ್ಕಳು ಎಲ್ಲರಿಗಿಂತ ಹಿಂದೆ. ಯಾರು ಯಾರಿಗೆ ತಲೆಬಾಗಬೇಕು ಎನ್ನುವುದನ್ನು ಇಟ್ಟಿಗೆಯಲ್ಲೇ ಕಟ್ಟಿಬಿಟ್ಟಿದ್ದರು. ದಕ್ಷಿಣ ಚೀನಾದ ದೊಡ್ಡ ಮನೆಗಳಲ್ಲಿ ಗೋಡೆಯ ಪಕ್ಕ ಉದ್ದಕ್ಕೂ ಒಂದು ಇಕ್ಕಟ್ಟಾದ ಓಣಿಯೂ ಇರುತ್ತಿತ್ತು. ಅತಿಥಿಗಳು ಕೂತಿರುವಾಗ ಹೆಂಗಸರು, ಆಳುಗಳು ಅವರ ಕಣ್ಣಿಗೆ ಬೀಳದೆ ಓಡಾಡಲಿಕ್ಕೆ. ಅದರ ಗೆರೆ ಎಳೆಯುವಾಗ ನನ್ನ ದನಿ ತಾನಾಗಿ ಏರುತ್ತಿತ್ತು. "ಹೆಂಗಸರನ್ನ ಮರೆ ಮಾಡೋಕೆ ಇಷ್ಟು ಅಗಲದ ಜಾಗ ಸಾಕಾಗಿತ್ತು" ಎನ್ನುತ್ತಿದ್ದೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು.

ಅಗ್ರಹಾರದ ನಮ್ಮ ಹಳೆಯ ಮನೆಯಲ್ಲೂ ಅಂಥದ್ದೊಂದು ಇತ್ತು. ತೊಟ್ಟಿ ಮನೆ, ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಪಡಸಾಲೆ. ಅಡುಗೆಮನೆಯಿಂದ ಬಚ್ಚಲಿಗೆ ಹೋಗಲು ಗೋಡೆ ಬದಿಯಲ್ಲಿ ಒಂದು ಸಂದಿ. ಅದರಲ್ಲಿ ಹೆಚ್ಚು ಓಡಾಡಿದವರು ನನ್ನ ಸೋದರತ್ತೆ, ಅಪ್ಪನ ತಂಗಿ. ಮದುವೆಯಾಗಿ ಎರಡನೆಯ ವರ್ಷಕ್ಕೇ ತವರಿಗೆ ಬಂದವರು ಮತ್ತೆ ಗಂಡನ ಮನೆಗೆ ಹೋಗಲಿಲ್ಲ. ಏಕೆಂದು ಯಾರೂ ಹೇಳುತ್ತಿರಲಿಲ್ಲ. ನನಗೆ ತಲೆ ಬಾಚಿ, ತುತ್ತು ಕಲಸಿ ಕೊಟ್ಟು ಬೆಳೆಸಿದವರು ಅವರೇ. ಅಪ್ಪನ ಸ್ನೇಹಿತರು ಬಂದರೆ ಕಾಫಿಯ ತಟ್ಟೆಯನ್ನು ಹೊಸ್ತಿಲ ಒಳಗೆ ಇಟ್ಟು, ಬಾಗಿಲನ್ನು ಮೆಲ್ಲಗೆ ತಟ್ಟಿ, ಸಂದಿಯಲ್ಲಿ ಮರೆಯಾಗುತ್ತಿದ್ದರು. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಅಪ್ಪ ಅಮ್ಮ ಹೋದ ಮೇಲೆ ಆ ಮನೆ ಪಾಲಾಗಿ ಮಾರಾಟವಾಯಿತು. ದಟ್ಟಗಳ್ಳಿ ಬಡಾವಣೆಯಲ್ಲಿ ನಾನೇ ನಕ್ಷೆ ಹಾಕಿ ಮನೆ ಕಟ್ಟಿಸಿದೆ, ನನಗೆ, ನನ್ನ ಗಂಡನಿಗೆ, ಅತ್ತೆಗೆ. ನಡುವೆ ತೊಟ್ಟಿ, ಸುತ್ತ ಎಲ್ಲವೂ ಮರೆಯಿಲ್ಲದೆ ತೆರೆದದ್ದು. ತೊಟ್ಟಿಗೆ ತೆರೆದುಕೊಳ್ಳುವ ಒಳ್ಳೆಯ ಕೋಣೆಯನ್ನು ಅತ್ತೆಗೆ ಇಟ್ಟೆ. ಮಲಗುವ ಕೋಣೆಗೆ ಅಂಟಿಕೊಂಡ ಬಚ್ಚಲು ಬೇಡವೆಂದು ಅವರೇ ಹೇಳಿದ್ದರಿಂದ ಅದು ತೊಟ್ಟಿಯ ಆಚೆ ಬದಿಗೆ ಹೋಯಿತು. ನಕ್ಷೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ ಒಂದೇ ಮಾತು ಕೇಳಿದರು.

"ಬಚ್ಚಲಿಗೆ ಹಿಂದ್ಗಡೆಯಿಂದ ದಾರಿ ಎಲ್ಲಿ ಕಣೇ?"

"ಇನ್ನು ಹಿಂದ್ಗಡೆ ಓಡಾಡೋದು ಬೇಡ ಅತ್ತೆ. ಎಲ್ಲರ ಮುಂದೆ ತಲೆ ಎತ್ಕೊಂಡು ಓಡಾಡಿ" ಎಂದು ನಕ್ಕೆ.

ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡರು. ಒಪ್ಪಿದರೆಂದುಕೊಂಡೆ.

ಮನೆ ನೋಡಲು ಜನ ಬರತೊಡಗಿದರು. ಸಹೋದ್ಯೋಗಿಗಳು, ಹಳೆಯ ವಿದ್ಯಾರ್ಥಿಗಳು. ನಾನು ಅತ್ತೆಯನ್ನು ಕೈಹಿಡಿದು ಕರೆತಂದು ಕುರ್ಚಿಯ ಮೇಲೆ ಕೂರಿಸಿ ಪರಿಚಯ ಮಾಡಿಸುತ್ತಿದ್ದೆ. "ಆ ಕಾಲದಲ್ಲೇ ಸರಿಬರಲಿಲ್ಲ ಅಂತ ಗಂಡನ ಮನೆ ಬಿಟ್ಟು ಬಂದವರು ನಮ್ಮತ್ತೆ" ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಬಂದವರು ಕಣ್ಣರಳಿಸಿ ಅವರನ್ನು ನೋಡುತ್ತಿದ್ದರು. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿರುತ್ತಿದ್ದರು. ಕೆಲವು ತಿಂಗಳ ಮೇಲೆ, ಗೇಟಿನ ಸದ್ದಾದರೆ ಅವರ ಕೋಣೆಯ ಬಾಗಿಲು ಮುಚ್ಚತೊಡಗಿತು. ವಯಸ್ಸಾಯಿತು, ಮಲಗಿರುತ್ತಾರೆ ಎಂದುಕೊಂಡೆ.

ಒಂದು ಭಾನುವಾರ ಇಡೀ ತರಗತಿಯನ್ನು ಮನೆಗೆ ಕರೆದಿದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ತೊಟ್ಟಿಯ ಸುತ್ತ ಕೂತು ಅವರು ಚಿತ್ರ ಬರೆದರು. ಅತ್ತೆಯ ಬಾಗಿಲು ತೆರೆಯಲಿಲ್ಲ. ಊಟವನ್ನು ನಾನೇ ಒಳಗೆ ಕೊಟ್ಟು ಬಂದೆ. ಮಾರನೆಯ ಬೆಳಿಗ್ಗೆ ಅವರಿಗೆ ಚಳಿಜ್ವರ, ಏನೇನೋ ಬಡಬಡಿಸುತ್ತಿದ್ದರು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಮೂತ್ರದ ಸೋಂಕು ಎಂದರು. ಎರಡು ದಿನ ಕಳೆದು ಜ್ವರ ಇಳಿದ ಮೇಲೆ ಡಾಕ್ಟರಮ್ಮ ಮಂಚದ ಪಕ್ಕ ನಿಂತು ಕೇಳಿದರು:

"ನೀರು ಸರಿಯಾಗಿ ಕುಡಿಯಲ್ವಾ ಅಜ್ಜಿ?"

"ಜನ ಇಲ್ಲದಾಗ ಕುಡೀತೀನಿ ಕಣಮ್ಮ" ಎಂದರು ಅತ್ತೆ. "ಜನ ಬಂದ್ಬುಟ್ಟರೆ ಎದ್ದು ಹೋಗೋಕಾಗಲ್ಲ. ಅದಕ್ಕೇ ಕುಡಿಯಲ್ಲ."

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಅವರು ಹೋದ ಮೇಲೆ ಕೇಳಿದೆ. "ನಂಗೆ ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ಕೇಳಿದ್ನಲ್ಲ, ದಾರಿ ಎಲ್ಲಿ ಅಂತ."

ಹೊದಿಕೆ ಸರಿಮಾಡಿಕೊಂಡು ಅವರೇ ಮುಂದುವರಿಸಿದರು. "ಆ ಮನೇಲಿ ನನ್ನನ್ನ ಯಾರೂ ಏನೂ ಕೇಳ್ತಿರಲಿಲ್ಲ. ಕಣ್ಣಿಗೆ ಬಿದ್ದರಲ್ವಾ ಕೇಳೋದು? ಇಲ್ಲಿ ಬಂದೋರಿಗೆಲ್ಲ ನೀನೇ ಹೇಳ್ತೀಯ. ನಾನೇನು ಬಿಟ್ಟು ಬರಲಿಲ್ಲ ಕಣೇ. ಗಂಡನ ಮನೆಯೋರೇ ತಂದು ನಮ್ಮ ಜಗಲಿ ಮೇಲೆ ಕೂರಿಸಿ ಹೋದ್ರು. ಬೀದಿಯೋರೆಲ್ಲ ನೋಡ್ತಿದ್ರು. ನಮ್ಮಣ್ಣ ಬಂದು ಒಳಗೆ ಕರ್ಕೊಂಡ."

ನಲವತ್ತು ವರ್ಷ ಜೊತೆಯಲ್ಲಿದ್ದು ಒಂದು ಸಲವೂ ಅವರನ್ನು ಕೇಳದೆ, ನನಗೆ ಬೇಕಾದ ಕತೆ ಕಟ್ಟಿಕೊಂಡಿದ್ದೆ. ಅದನ್ನು ಅವರ ಎದುರಿಗೇ ಕಂಡಕಂಡವರಿಗೆ ಹೇಳಿದ್ದೆ.

ಮನೆಗೆ ಬಂದ ವಾರದಲ್ಲೇ ಗಾರೆ ಕೆಲಸದವರನ್ನು ಕರೆಸಿ ಅತ್ತೆಯ ಕೋಣೆಯ ಹಿಂದಿನ ಗೋಡೆ ಒಡೆಸಿ ಬಾಗಿಲು ಇಡಿಸಿದೆ. "ಈ ಹಿಂದಿನ ಸಂದು ಗಾಳಿಗೆ ಅಂತ ನೀವೇ ಬುಟ್ಟಿರೋ ಜಾಗ ಕಣ್ರೀ ಮೇಡಂ, ಚಂದ ಕೆಡ್ತದೆ" ಎಂದ ಮೇಸ್ತ್ರಿ. ಕೆಡಲಿ ಎಂದೆ. ಕಾಂಪೌಂಡ್ ಗೋಡೆಗೆ ಸೇರಿಸಿ ಶೀಟು ಹೊದಿಸಿ ಬಚ್ಚಲಿನವರೆಗೂ ದಾರಿ ಮಾಡಿಸಿದೆ. ಕೆಲಸ ಮುಗಿದ ದಿನ ಅತ್ತೆಯ ಕೈ ಹಿಡಿದುಕೊಂಡು "ತಪ್ಪಾಯ್ತು" ಎಂದೆ. ಅವರು ಕಾಲಿನಿಂದ ಹೊಸ ಬಾಗಿಲಿನ ಮೆಟ್ಟಿಲನ್ನು ತಡವಿ ನೋಡುತ್ತಿದ್ದರು.

"ಇದೊಂಚೂರು ಎತ್ತರ ಆಯ್ತು. ಸರಿ ಮಾಡ್ಸು" ಎಂದರು.

ಮಾಡಿಸಿದೆ. ಈಗ ಜನ ಬಂದಾಗ ಅತ್ತೆ ನೀರು ಕುಡಿಯುತ್ತಾರೆ, ಹಿಂದಿನಿಂದ ಹೋಗಿ ಬರುತ್ತಾರೆ. ನಾನು ಯಾರ ಮುಂದೆಯೂ ಅವರನ್ನು ಕೂರಿಸುವುದಿಲ್ಲ. ಆದರೆ ಆಗಲೇ ಕೇಳಿಸಿಕೊಂಡವರು ಇದ್ದಾರಲ್ಲ. ಮೊನ್ನೆ ಒಬ್ಬ ಸಹೋದ್ಯೋಗಿ ಸ್ಟಾಫ್ ರೂಮಿನಲ್ಲಿ "ನಿಮ್ಮ ಧೈರ್ಯವಂತೆ ಅತ್ತೆ ಹೇಗಿದ್ದಾರೆ?" ಎಂದರು. ನಾನು ಅವತ್ತು ಹೇಳಿದ್ದು ನಿಜವಲ್ಲ ಎಂದೆ. "ಹಾಗಾದರೆ ಏನಾಗಿತ್ತು?" ಎಂದು ಕುರ್ಚಿ ಹತ್ತಿರ ಎಳೆದುಕೊಂಡರು. ಗೊತ್ತಿಲ್ಲ ಎಂದು ಹೇಳಿ ಎದ್ದು ಹೊರಗೆ ಬಂದೆ.